ನೆಲ ಆರಿಸಿದವನ ಪಾಡು

ಐವತ್ತು ವರ್ಷ ನೆಲದ ಮೇಲೆ ನಡೆದರೂ ನಾನು ನೆಲವನ್ನು ಸರಿಯಾಗಿ ನೋಡಿದವನಲ್ಲ. ನೋಡಿದ ಒಂದೇ ಸಲ ಅದರ ಹೊಳಪನ್ನಷ್ಟೇ ನೋಡಿದೆ. ಗಿಣಿಗೇರಾದಲ್ಲಿ ಮನೆ ಕಟ್ಟಿಸುವಾಗ "ಫಳಫಳ ಅನ್ನಬೇಕು" ಎಂದು ಹಟ ಹಿಡಿದು ಹಾಲಿನಂಥ ಬಿಳಿ ಟೈಲ್ಸ್ ಹಾಕಿಸಿದವನು ನಾನೇ. ಕಾರ್ಖಾನೆಗಳ ಕರಿ ಧೂಳು ಬೀಳುವ ಊರಲ್ಲಿ ಬಿಳಿ ನೆಲ! ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನದೊಳಗೆ ಯಾರು ಎಲ್ಲಿಂದ ಎಲ್ಲಿಗೆ ನಡೆದರೆಂಬ ನಕ್ಷೆ ಅದರ ಮೇಲೆ ತಯಾರಾಗಿರುತ್ತಿತ್ತು. ನನ್ನ ಹೆಂಡತಿ ಗಿರಿಜಾ ದಿನಕ್ಕೆ ಮೂರು ಸಲ ಒರೆಸುತ್ತಿದ್ದಳು. ಹಾಗೆ ಒರೆಸಿದ ಒದ್ದೆಯ ಮೇಲೆಯೇ ಹೋದ ಬೇಸಿಗೆಯಲ್ಲಿ ಅವ್ವ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು.

ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಗೋಡೆ ಹಿಡಿಯದೆ ಅವ್ವ ಹೆಜ್ಜೆ ಇಡಳು. ಗೋಡೆ ಮುಗಿದಲ್ಲಿ ನಿಂತು "ಯಪ್ಪಾ, ಕೈ ಕೊಡ" ಎಂದು ಕೂಗುವಳು. ನಾನು ಮುನಿರಾಬಾದಿನ ಕಚೇರಿಗೆ ಹೋದ ಮೇಲೆ ಕೂಗುವುದನ್ನೂ ಬಿಟ್ಟು ಮಂಚದ ಮೇಲೇ ಕುಳಿತಿರುತ್ತಾಳೆಂದು ಗಿರಿಜಾ ಹೇಳಿದಾಗ, ಟೈಲ್ಸಿನ ಮೇಲೆ ಜಾರದ ಹಾಸು ಅಂಟಿಸುವುದೆಂದು ತೀರ್ಮಾನವಾಯಿತು.

ಕೊಪ್ಪಳ, ಕುಷ್ಟಗಿ ಸುತ್ತಿ ಗಂಗಾವತಿಯ ಅಂಗಡಿಗೆ ಬರುವಷ್ಟರಲ್ಲಿ ನನ್ನ ತಲೆ ಕೆಟ್ಟು ಹೋಗಿತ್ತು. ವಿನೈಲ್ ಅಂತೆ, ರಬ್ಬರ್ ಅಂತೆ, ಮನೆಗೆ ತೆಳುವಂತೆ, ಅಂಗಡಿಗೆ ದಪ್ಪವಂತೆ. ನಮ್ಮದು ಎರಡೂ ಹೌದು. ಮುಂದಿನ ಕೋಣೆಯಲ್ಲಿ ಗಿರಿಜಾಳ ಹೊಲಿಗೆ ತರಗತಿ, ನಾಲ್ಕು ಮಷಿನ್ನು, ದಿನವಿಡೀ ಓಡಾಡುವ ಹುಡುಗಿಯರು. ಅಂಗಡಿಯವನು ಸಾಗವಾನಿ ಬಣ್ಣದ, ಹೊಳೆಯುವ ಹಾಸೊಂದನ್ನು ಬಿಚ್ಚಿ, "ಭಾಳ ಮೆತ್ತಗ ಐತ್ರಿ ಸರ್, ಬಿದ್ರೂ ಪೆಟ್ಟಾಗಂಗಿಲ್ಲ" ಎಂದ. ನಾನು ಅದರ ಹೊಳಪಿಗೆ ಸೋತು ಹೋದೆ.

"ಬಿದ್ರ ಪೆಟ್ಟಾಗದ್ದು ಬ್ಯಾಡ್ರಿ, ಬೀಳದಂಗ ಇರೂದು ತೋರಸ್ರಿ" ಎಂದಳು ಗಿರಿಜಾ. ಚೀಲದಿಂದ ನೀರಿನ ಬಾಟಲಿ ತೆಗೆದು ಮಾದರಿ ತುಂಡುಗಳ ಮೇಲೆ ಸುರಿದು, ಚಪ್ಪಲಿ ಬಿಟ್ಟು ಒಂದೊಂದರ ಮೇಲೂ ನಿಂತಳು. ಕತ್ತರಿಯ ತುದಿ ಒತ್ತಿ ಗುಳಿ ಬೀಳುತ್ತದೋ ಎಂದು ನೋಡಿದಳು. ಅಂಗಡಿಯವನು ನನ್ನ ಮುಖ ನೋಡಿದ, ನಾನು ಫ್ಯಾನ್ ನೋಡಿದೆ. ಕೊನೆಗೆ ಅವಳು ಆರಿಸಿದ್ದು ಬೂದು ಬಣ್ಣದ, ಮೈತುಂಬ ಗುಳ್ಳೆಯಂಥ ಉಬ್ಬುಗಳಿದ್ದ ದಪ್ಪ ಹಾಸು.

"ಬಸ್ಸಿನ್ಯಾಗಿನ ನೆಲದಂಗ ಐತಲ್ಲ!" ಎಂದೆ.

"ಬಸ್ಸಿನ್ಯಾಗ ಎಷ್ಟು ಮಂದಿ ಜಾರಿ ಬಿದ್ದಾರ, ಹೇಳ್ರಿ ನೋಡೂಣು?"

ಮನೆಗೆ ಬರುವ ನಾಲ್ಕು ಮಂದಿಗೆ ಮುಖ ತೋರಿಸುವುದು ಹೇಗೆಂದು ಜಗಳಾಡಿ, ಪಡಸಾಲೆಗೆ ಮಾತ್ರ ನನ್ನ ಸಾಗವಾನಿ ಬಣ್ಣದ್ದನ್ನು ಉಳಿಸಿಕೊಂಡೆ.

ಮೇಸ್ತ್ರಿ ಖಾಜಾಸಾಬ್ ಟೈಲ್ಸಿನ ಸಂದುಗಳನ್ನು ಸಿಮೆಂಟಿನಿಂದ ತುಂಬಿ, "ಮೂರು ದಿನ ನೀರು ಸೋಕಸಬ್ಯಾಡ್ರಿ" ಎಂದು ಹೇಳಿ ಹೋದ. ಎರಡನೇ ದಿನ ಪಡಸಾಲೆಯಲ್ಲಿ ಧೂಳು ಕಂಡಿತು. ನನ್ನ ಹೊಸ ಹಾಸಿನ ಕೆಳಗೆ ಧೂಳೇ ಎಂದು ಒಂದು ಬಕೆಟ್ ನೀರು ಹೊಯ್ದು ತೊಳೆದೆ. ಯಾರಿಗೂ ಹೇಳಲಿಲ್ಲ. ಹಾಸು ಅಂಟಿಸಿದ ಎಂಟೇ ದಿನಕ್ಕೆ ಅದು ಎಣ್ಣೆಗೆ ಬಿಟ್ಟ ಪೂರಿಯಂತೆ ಅಲ್ಲಲ್ಲಿ ಉಬ್ಬಿತು. ಖಾಜಾಸಾಬ್ ಒಂದು ಉಬ್ಬನ್ನು ಒತ್ತಿದ. ಪಕ್ಕದಲ್ಲಿ ಇನ್ನೊಂದು ಎದ್ದಿತು. "ಒಳಗ ನೀರು ಐತಿ. ಯಾರರ ತೊಳದೀರೇನ್ರಿ?" ಎಂದ. ಹುಲಿಗೆಮ್ಮ ದೇವಿಯ ಆಣೆ ಹಾಕೆಂದು ಯಾರೂ ಹೇಳದಿರಲಿ ಎಂದುಕೊಳ್ಳುತ್ತ ನಾನೂ ಬಗ್ಗಿ ಒಂದು ಉಬ್ಬನ್ನು ಒತ್ತತೊಡಗಿದೆ.

ಆಗಲೇ ಅವ್ವ ತನ್ನ ಕೋಣೆಯಿಂದ ಹೊರಟಳು. ಬೂದು ಹಾಸಿನ ಮೇಲೆ ಮೊದಲು ಹೆಬ್ಬೆರಳೂರಿ, ಆಮೇಲೆ ಪೂರ್ತಿ ಪಾದವೂರಿ, ಗೋಡೆಯಿಂದ ಕೈ ತೆಗೆದು ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಎರಡೂ ಕೈ ಖಾಲಿ ಇದ್ದವು. ಪಡಸಾಲೆಯ ಅಂಚಿಗೆ ಬಂದು ನನ್ನ ಹಾಸನ್ನು ನೋಡಿ ಗಕ್ಕನೆ ನಿಂತಳು.

"ಕಿತ್ತು ಹಾಕು ಖಾಜಾಸಾಬ್. ತೊಳದಾಂವ ನಾನ. ಇಲ್ಲೂ ಬೂದು ಬಣ್ಣದ್ದ ಹಾಕು" ಎಂದೆ. ಗಿರಿಜಾ ತನ್ನ ಕತ್ತರಿ ತಂದು ಖಾಜಾಸಾಬನ ಕೈಗಿಟ್ಟಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈ ಸುದ್ದಿ ಕಚೇರಿಗೂ ಮುಟ್ಟಿತು. ಅಲ್ಲಿಯ ದಾಖಲೆ ಕೋಣೆಗೆ ಹೊಸ ನೆಲ ಆಗಬೇಕಾಗಿತ್ತು. ಅನುಭವಸ್ಥರೆಂದು ಸಾಹೇಬರು ನನ್ನ ಲಿಖಿತ ಅಭಿಪ್ರಾಯ ಕೇಳಿದರು. ಎರಡು ಪುಟ ಒಪ್ಪಿಸಿದೆ. "ಬಹಳ ವ್ಯಾವಹಾರಿಕವಾಗಿದೆ" ಎಂದು ಎಲ್ಲರೆದುರಿಗೆ ಹೊಗಳಿದರು. ನಾನು ವಿನಯದಿಂದ ತಲೆ ಬಾಗಿಸಿದೆ. ಹೇಳಿ ಬರೆಸಿದವಳು ಗಿರಿಜಾ, ಅಕ್ಷರ ಮಾತ್ರ ನನ್ನವು ಎಂದು ಹೇಳುವುದಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಚಪ್ಪಾಳೆ ಬಿತ್ತು.