ಆಯುಧ ಪೂಜೆಯ ಫುಟ್‌ಬಾಲು

ಎಪ್ಪತ್ತರ ದಶಕದ ನ್ಯೂಜೆರ್ಸಿಯಲ್ಲಿ ಫುಟ್‌ಬಾಲ್ ಕೋಚ್ ಆಗಲು ಫುಟ್‌ಬಾಲ್ ಬರಬೇಕೆಂಬ ಕಟ್ಟುನಿಟ್ಟೇನೂ ಇರಲಿಲ್ಲ. ಹೊರದೇಶದವನಾಗಿದ್ದರೆ ಸಾಕಿತ್ತು! ಮಗ ರವಿಯ ಶಾಲೆಯ ಪ್ರಿನ್ಸಿಪಾಲರು, "ನಿಮ್ಮ ದೇಶದಲ್ಲಿ ಎಲ್ಲರೂ ಆಡ್ತಾರಲ್ಲವೇ?" ಎಂದು ಕೇಳಿದಾಗ ಗಂಭೀರವಾಗಿ ತಲೆಯಾಡಿಸಿದೆ. ಮೈಸೂರಿನಲ್ಲಿ ನಾನು ಆಡುವವರ ಚಪ್ಪಲಿ ಕಾಯುತ್ತಿದ್ದೆ. ಅಷ್ಟು ವಿವರ ಅವರು ಕೇಳಲಿಲ್ಲ.

ಹೀಗೆ ಶಾಲೆಯಲ್ಲೊಂದು ಕ್ಲಬ್ ಹುಟ್ಟಿತು. ಅದರ ಒಟ್ಟು ಆಸ್ತಿ ಒಂದು ಚೆಂಡು, ಒಂದು ಸೀಟಿ ಮತ್ತು ನಾನು. ಅಲ್ಲಿಯವರೆಗೆ ಮಧ್ಯಾಹ್ನ ಒಬ್ಬನೇ ಕೂತು ಚಿತ್ರಾನ್ನ ತಿನ್ನುತ್ತಿದ್ದ ರವಿಗೆ ಗೆಳೆಯರು ಸಿಕ್ಕರು. ನನಗೆ ಅದೇ ದೊಡ್ಡ ಸಂತೋಷ. ಆದರೆ ಪಕ್ಕದ ಶಾಲೆಯ ಜೊತೆಗಿನ ಮೊದಲ ಪಂದ್ಯ ಸುಸೂತ್ರವಾಗಿ ನಡೆದರೆ ಮಾತ್ರ ಕ್ಲಬ್ ಉಳಿಯುತ್ತದೆಂದು ಪ್ರಿನ್ಸಿಪಾಲರು ಷರತ್ತು ಹಾಕಿದ್ದರು.

ಪಂದ್ಯದ ಶನಿವಾರವೇ ಆಯುಧ ಪೂಜೆ. "ಚೆಂಡನ್ನೂ ಪೂಜೆಗಿಡು, ಗೆಲುವು ನಮ್ದೇ!" ಎಂದು ಹೆಂಡತಿ ವಿಮಲಾಗೆ ನಾನೇ ಅಪ್ಪಣೆ ಕೊಟ್ಟೆ. ಅವಳು ಸುತ್ತಿಗೆ, ಸ್ಕ್ರೂಡ್ರೈವರ್‌ಗಳ ನಡುವೆ ಚೆಂಡನ್ನಿಟ್ಟು, ಧಾರಾಳವಾಗಿ ಕುಂಕುಮ ಬಳಿದು, ಮಂಗಳಾರತಿ ಎತ್ತಿದಳು. ನಾನು ಚೆಂಡಿಗೆ ಕೈಹಾಕಿದೆ.

"ರೀ! ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟೋ ಹಾಗಿಲ್ಲ!"

"ಮ್ಯಾಚ್ ಇವತ್ತು ಕಣೇ!"

"ಇಡು ಅಂದೋರು ಯಾರು? ಬೇರೆ ಚೆಂಡಲ್ಲಿ ಆಡ್ಸಿ."

"ಇರೋದೇ ಒಂದು!"

"ಡ್ಯಾಡ್, ವಿ ಆರ್ ಲೇಟ್," ಎಂದ ರವಿ.

ವಿಮಲಾ ಪಾಯಸ ಇಳಿಸಲು ಅಡಿಗೆಮನೆಗೆ ಹೋದದ್ದೇ ತಡ, ಚೆಂಡನ್ನು ಕೋಟಿನೊಳಗೆ ತುರುಕಿಕೊಂಡು ಕೋಚ್ ಪರಾರಿ! ಕಾರಿನಲ್ಲಿ ಒದ್ದೆ ಕರ್ಚೀಫಿನಿಂದ ಒರೆಸಿದೆ. ಒರೆಸಿದಷ್ಟೂ ಕುಂಕುಮ ಹರಡಿ, ಚೆಂಡು ಟೊಮೇಟೊ ಹಣ್ಣಿನ ಹಾಗಾಯಿತು. ಹುಡುಗರು ಕಾಲಲ್ಲಿ ತಾನೇ ಒದೆಯುವುದು, ಯಾರಿಗೆ ಕಾಣಬೇಕು ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಲೈಬ್ರರಿ ಪುಸ್ತಕ ನೋಡಿ ನಾನು ಅವರಿಗೆ ಕಲಿಸಿದ್ದ ಏಕೈಕ ವಿದ್ಯೆ, ಚೆಂಡನ್ನು ಹಣೆಯಿಂದ ಗುದ್ದುವುದು. ಶ್ರದ್ಧೆಯಿಂದ ಗುದ್ದಿದರು, ನೋಡಿ ಕಲಿತ ಎದುರಾಳಿಗಳೂ ಗುದ್ದಿದರು. ಸ್ವಲ್ಪ ಹೊತ್ತಿನಲ್ಲೇ ಎರಡೂ ತಂಡಗಳ ಹಣೆ ಕೆಂಪು! ಬೆವರಿಗೆ ಅದು ಮೂಗಿನವರೆಗೂ ಇಳಿಯಿತು.

"ಬ್ಲಡ್!" ಎಂದು ಒಬ್ಬ ತಾಯಿ ಕಿರುಚಿದಳು. ಉಳಿದ ತಾಯಂದಿರು ಮೈದಾನಕ್ಕೆ ನುಗ್ಗಿದರು. ಪಂದ್ಯ ನೋಡಲು ಬಂದಿದ್ದ ಪ್ರಿನ್ಸಿಪಾಲರು ಓಡಿ ಬಂದು ಚೆಂಡಿಗೆ ಏನು ಹಚ್ಚಿದ್ದೀರೆಂದು ಕೇಳಿದರು. ಈ ದಿನದ ಮಟ್ಟಿಗೆ ಚೆಂಡೂ ಒಂದು ಆಯುಧ ಎಂದು ನಾನು ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ವಿವರಿಸಿದೆ. 'ವೆಪನ್' ಅನ್ನಬಾರದಿತ್ತು.

ಅರ್ಧ ಪಂದ್ಯಕ್ಕೆ ಕ್ಲಬ್ ಮುಚ್ಚಿತು. ವಾಪಸು ಬರುವಾಗ ರವಿ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಗು ಮತ್ತೆ ಒಂಟಿಯಾಯಿತಲ್ಲ ಎಂದುಕೊಂಡೆ.

ಸೋಮವಾರ ಅವನು ಕುಣಿಯುತ್ತಾ ಬಂದ. ಕೆಂಪು ಚೆಂಡಿನಲ್ಲಿ ಆಡಲು ಗೆಳೆಯರೆಲ್ಲ ನಮ್ಮ ಹಿತ್ತಿಲಿಗೆ ಬರುತ್ತಾರಂತೆ! ಅದಕ್ಕೆ ಕೆಂಪು ಬಳಿದದ್ದು ಅಮ್ಮ ಎಂದು ಇವನೇ ಹೆಮ್ಮೆಯಿಂದ ಹೇಳಿದ್ದನಂತೆ.

"ಬಟ್ ಡ್ಯಾಡ್, ದೆ ವಾಂಟ್ ಮಾಮ್ ಟು ಕೋಚ್."

ಶನಿವಾರ ವಿಮಲಾ ಸೆರಗು ಸಿಕ್ಕಿಸಿ ಸೀಟಿ ಊದಿದಳು. ನಾನು ಹುಡುಗರ ಜಾಕೆಟ್ ಕಾಯುತ್ತಾ ಕೂತೆ. ಆ ಕೆಲಸದಲ್ಲಿ ನನಗೆ ಮೈಸೂರಿನ ಅನುಭವವಿತ್ತು!