ಗೇಟಿನ ಕೀಲಿಗಾಗಿ ಪೋಕರ್

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮುಖ್ಯ ಪಾಠ ಇಷ್ಟೇ: ಎದುರಾಳಿ ಯೋಚಿಸಲು ಶುರುಮಾಡುವ ಮೊದಲೇ ಅವರನ್ನು ಹೆದರಿಸಬೇಕು. ಪೋಕರ್ ಕೂಡ ಇದನ್ನೇ ಹೇಳುತ್ತದೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ತಿಳಿದಾಗ, ಈ ಆಟ ನನಗೋಸ್ಕರವೇ ಹುಟ್ಟಿದೆ ಅನ್ನಿಸಿತು.

ಆಟ ಸರಳ. ಕೈಗೆ ಎರಡೆರಡು ಎಲೆ. ಆಮೇಲೆ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಬೀಳುತ್ತವೆ, ಮೊದಲಿಗೆ ಮೂರು. ಆ ಮೂರು ಬೀಳುವ ಮುಂಚೆಯೇ ಯಾರಾದರೂ ಪಣ ಏರಿಸಿದರೆ, ಅದರ ಮೇಲೆ ನೀವು ಇನ್ನೂ ಜೋರಾಗಿ ಏರಿಸಬೇಕು. ಎದುರಿನವರು ಬೆದರಿ, ಆಟ ಬಿಟ್ಟು ಎಲೆ ಕೆಳಗಿಡುತ್ತಾರೆ. ನಿಮ್ಮ ಕೈಯಲ್ಲಿ ಬರೀ ಕಸವಿದ್ದರೂ ಗೆಲುವು ನಿಮ್ಮದು. ಶಾಸ್ತ್ರ ಹಾಗೆನ್ನುತ್ತದೆ.

ನನಗೆ ಗೆಲ್ಲಬೇಕಿದ್ದದ್ದು ಗೇಟಿನ ಕೀಲಿ. ಬೇಗೂರಿನ ನಮ್ಮ ಬಾಡಿಗೆ ಮನೆಯ ಗೇಟಿಗೆ ಓನರ್ ಮುನಿಯಮ್ಮಜ್ಜಿ ಹತ್ತು ಗಂಟೆಗೆ ಬೀಗ ಜಡಿಯುತ್ತಾರೆ. ಬೆಳ್ಳಂದೂರಿನ ಆಫೀಸಿನಿಂದ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಎಷ್ಟೋ ದಿನ ಹತ್ತು ದಾಟಿರುತ್ತದೆ. ಆಮೇಲೆ ನಾನು ಬೀದಿಯಲ್ಲಿ ನಿಂತು ಕೂಗುವುದು, ಅಜ್ಜಿ ಬೈಯುತ್ತ ಇಳಿದು ಬರುವುದು. ಇನ್ನೊಂದು ಕೀಲಿ ಕೊಡಿ ಎಂದು ವಾದಿಸಿ ವಾದಿಸಿ ನನ್ನ ಚರ್ಚಾಪದಕಗಳಿಗೇ ನಾಚಿಕೆಯಾಗಿತ್ತು.

ಯುಗಾದಿಯ ಮರುದಿನ, ಹೊಸತೊಡಕಿಗೆ ಅಜ್ಜಿ ಊಟಕ್ಕೆ ಕರೆದರು. ಮುದ್ದೆ, ಮಟನ್ ಸಾರು ಮುಗಿದ ಮೇಲೆ ಪದ್ಧತಿಯಂತೆ ಇಸ್ಪೀಟು ಹೊರಬಂತು.

"ಪೋಕರ್ ಆಡೋಣ ಅಜ್ಜಿ. ನಾನು ಗೆದ್ರೆ ನಂಗೊಂದು ಕೀಲಿ."

"ಗೆದ್ರೆ ತಾನೇ? ತಗೋ," ಎಂದರು ಅಜ್ಜಿ. ಸೊಸೆ ಶೋಭಕ್ಕನೂ ಬಂದು ಕೂತರು. ಪಣಕ್ಕೆ ಹುಣಸೆಬೀಜ.

ಮೊದಲ ಆಟದಲ್ಲಿ ಅಜ್ಜಿ ಒಂದು ಚಿಟಿಕೆ ಬೀಜ ಏರಿಸಿದರು. ನಾನು ಗಂಭೀರವಾಗಿ ಒಂದು ಹಿಡಿ ಸುರಿದೆ.

"ಸರಿ," ಎಂದರು ಅಜ್ಜಿ.

"ನಂದೂ ಸರಿ," ಎಂದರು ಶೋಭಕ್ಕ.

ಆ ಹಿಡಿ ಹೋಯಿತು. ಇನ್ನೊಂದು ಹಿಡಿ ಸುರಿದೆ, ಅದೂ ಹೋಯಿತು. ಇಬ್ಬರೂ ಎಲೆ ಕೆಳಗಿಡುವುದೇ ಇಲ್ಲ.

"ಅಜ್ಜಿ, ಇಷ್ಟು ಏರಿಸಿದ್ರೆ ನೀವು ಹೆದರಿ ಎಲೆ ಬಿಡಬೇಕು."

"ಇವತ್ತು ಬಿಟ್ರೆ ವರ್ಸೆಲ್ಲಾ ಬಿಡ್ತಾನೇ ಇರ್ಬೇಕಾಯ್ತದೆ ಕಣವ್ವ. ಒಸತೊಡಕಲ್ಲಿ ಏನ್ ಮಾಡ್ತೀವೋ ವರ್ಸ ಪೂರ್ತಿ ಅದೇಯ."

"ಇದಕ್ಕೆ ಆಧಾರ ಏನು?"

"ನಮ್ಮೆಜಮಾನ್ರು ಒಂದ್ಸಲ ಎಲೆ ಬಿಟ್ರು. ಆ ವರ್ಸೆಲ್ಲಾ ಎಮ್ಮೆ ಒದೀತು."

"ಒಂದೇ ಉದಾಹರಣೆಯಿಂದ ನಿಯಮ ಮಾಡೋಕಾಗಲ್ಲ ಅಜ್ಜಿ."

"ಎಮ್ಮೆ ಎರಡಿದ್ವು."

ಬುದ್ಧಿಯಿದ್ದವರು ಅಲ್ಲಿಗೇ ತಂತ್ರ ಬದಲಿಸುತ್ತಿದ್ದರು. ನಾನು, ಏರಿಸಿದ್ದು ಸಾಲಲಿಲ್ಲ ಎಂಬ ತೀರ್ಮಾನಕ್ಕೆ ಬಂದೆ.

ಮುಂದಿನ ಆಟಕ್ಕೆ ನನಗೆ ಬಂದದ್ದು ಕಳಾವರ್ ಏಳು, ಆಟೀನ್ ಎರಡು. ಇದಕ್ಕಿಂತ ಕೆಟ್ಟ ಕೈ ಇಲ್ಲ. ಅಜ್ಜಿ ಚಿಟಿಕೆ ಏರಿಸಿದರು. ನಾನು ಉಳಿದ ಬೀಜವನ್ನೆಲ್ಲ ನೂಕಿ, ಅದರ ಮೇಲೆ ಘೋಷಿಸಿದೆ: "ಇದು ಸೋತರೆ ಬೆಳಗಿನ ಜಾವ ನೀರಿನ ಟ್ಯಾಂಕರ್‌ಗೆ ಗೇಟು ತೆಗೆಯೋ ಕೆಲಸ ವರ್ಷ ಪೂರ್ತಿ ನಂದು."

ಅದುವರೆಗೆ ಆ ಕೆಲಸ ಶೋಭಕ್ಕನದಾಗಿತ್ತು. ಅವರ ಮುಖದಲ್ಲಿ ಮೂಡಿದ ಬದಲಾವಣೆಯನ್ನು ನಾನು ಭಯ ಎಂದುಕೊಂಡೆ.

"ಅತ್ತೆ, ಬಿಡ್ಬೇಡಿ," ಎಂದು ತಮ್ಮ ಬೀಜವನ್ನೂ ನೂಕಿದರು.

"ಬಿಡಾಕೆ ಉಂಟಾ," ಎಂದರು ಅಜ್ಜಿ.

ನಡುವೆ ಐದೂ ಎಲೆ ಬಿದ್ದವು. ನನ್ನ ಏಳಕ್ಕಾಗಲಿ ಎರಡಕ್ಕಾಗಲಿ ಅವುಗಳಲ್ಲಿ ಜೋಡಿ ಇರಲಿಲ್ಲ. ಶೋಭಕ್ಕನ ಕೈಯಲ್ಲೂ ಏನಿರಲಿಲ್ಲ. ಅಜ್ಜಿ ತಮ್ಮ ಎಲೆಗಳನ್ನು ತಿರುಗಿಸಿ ಸೊಸೆಯ ಮುಂದೆ ಹಿಡಿದರು. "ಇದೇನೇ ಇದು?"

"ಎರಡು ರಾಜ ಅತ್ತೆ."

"ನೀವು ನೋಡಿರಲಿಲ್ವಾ?" ಎಂದೆ.

"ಕನ್ನಡ್ಕ ಒಳಗದೆ ಕಣವ್ವ. ಉಂಡ ಮ್ಯಾಲೆ ಯಾರು ಏಳ್ತಾರೆ?"

ಅಂದರೆ ನಾನು ಮಧ್ಯಾಹ್ನವಿಡೀ ಹೆದರಿಸಿದ್ದು, ತನ್ನ ಕೈಯಲ್ಲಿ ಏನಿದೆಯೆಂದೇ ಗೊತ್ತಿಲ್ಲದ ಒಬ್ಬ ಮುದುಕಿಯನ್ನು.

ಶೋಭಕ್ಕನ ಹತ್ತಿರವಿದ್ದ ಕೀಲಿ ಅವತ್ತೇ ನನಗೆ ಸಿಕ್ಕಿತು. ಕೀಲಿಯಿಲ್ಲದೆ ಟ್ಯಾಂಕರ್‌ಗೆ ಗೇಟು ತೆಗೆಯುವುದು ಹೇಗೆ? ಈಗ ನಾನು ಎಷ್ಟು ಹೊತ್ತಿಗೆ ಬಂದರೂ ಕೇಳುವವರಿಲ್ಲ. ಆದರೆ ಕತ್ತಲು ಹರಿಯುವ ಮೊದಲೇ ಟ್ಯಾಂಕರ್ ಹಾರನ್ ಹೊಡೆಯುತ್ತದೆ. ಹೀಗಾಗಿ ಮ್ಯಾನೇಜರನ ಕೈಕಾಲು ಹಿಡಿದು, ಬೆಳಗಿನ ಪಾಳಿ ಹಾಕಿಸಿಕೊಂಡು, ಸಂಜೆಯೇ ಮನೆ ಸೇರುತ್ತೇನೆ. ರಾತ್ರಿ ಬೀಗ ಹಾಕುವ ಕೆಲಸವನ್ನೂ ಅಜ್ಜಿ ನನಗೇ ದಾಟಿಸಿದ್ದಾರೆ. ಮೊನ್ನೆ ನಿದ್ದೆ ತಡೆಯಲಾರದೆ ಒಂಬತ್ತಕ್ಕೇ ಗೇಟಿಗೆ ಬೀಗ ಹಾಕಿ ಮಲಗಿಬಿಟ್ಟೆ.

ಶೋಭಕ್ಕ ಬೀದಿಯಲ್ಲಿ ನಿಂತು ಕೂಗುತ್ತಿದ್ದರು. ನಾನು ಬೈಯುತ್ತ ಇಳಿದು ಹೋದೆ.