ದೊಡ್ಡಮ್ಮನಿಗೆ ಗಲಾಟೆ ವಾಪಸ್ ಬೇಕಂತೆ

ಚಾಮರಾಜಪುರಂನ ನಮ್ಮ ದೊಡ್ಡಮ್ಮನ ಪಕ್ಕದಲ್ಲಿ ಕೂತು ಒಂದೇ ಒಂದು ವಿಡಿಯೋ ಎಡಿಟ್ ಮಾಡಿ ಮುಗಿಸಿದವರು ಯಾರಾದರೂ ಇದ್ದರೆ ಹೇಳಿ, ಅವರ ಕಾಲಿಗೆ ಬೀಳುತ್ತೇನೆ. ಎಡಿಟ್ ಎಂದರೆ ಬೇಡದ್ದನ್ನು ಕತ್ತರಿಸುವುದು ತಾನೇ? ದೊಡ್ಡಮ್ಮನ ಪ್ರಕಾರ ಮದುವೆ ಕ್ಯಾಸೆಟ್ಟಿನಲ್ಲಿ ಬೇಡದ್ದು ಎಂಬುದೇ ಇಲ್ಲ. ವಿಡಿಯೋದವನು ಕ್ಯಾಮೆರಾ ಆರಿಸಲು ಮರೆತು ಛತ್ರದ ನೆಲ ತೆಗೆದಿದ್ದಾನಲ್ಲ, ಅದೂ ಬೇಕು. ಯಾರದೋ ಬೆನ್ನು, ಅದೂ ಬೇಕು!

ಕ್ಯಾಸೆಟ್ಟು ನನ್ನ ಅಪ್ಪ ಅಮ್ಮನ ಮದುವೆಯದು. ಅವರಿಬ್ಬರಿಗೇ ಅದು ಅಷ್ಟಾಗಿ ಬೇಕಿರಲಿಲ್ಲ. ಬೇಕಿದ್ದದ್ದು ಅಮ್ಮನ ಅಕ್ಕನಿಗೆ, ಅಂದರೆ ಈ ದೊಡ್ಡಮ್ಮನಿಗೆ. ಕಾರಣ ಅಜ್ಜಿ. ನಾನು ಹುಟ್ಟುವ ಮೊದಲೇ ಹೋದ ಅಜ್ಜಿ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದರಂತೆ. ಮನೆಯಲ್ಲಿರುವ ಒಂದೇ ಫೋಟೋದಲ್ಲೂ ಯಾರೋ ಗದರಿಸಿ ಕೂರಿಸಿದ ಹಾಗೆ ಕೂತಿದ್ದಾರೆ. ಓಡಾಡುವ, ಮಾತಾಡುವ ಅಜ್ಜಿ ಎಲ್ಲಾದರೂ ಉಳಿದಿದ್ದರೆ ಈ ಕ್ಯಾಸೆಟ್ಟಿನಲ್ಲೇ ಉಳಿದಿರಬೇಕು. ಅದಕ್ಕೋ, ಬೂಷ್ಟು ಹಿಡಿಯತೊಡಗಿತ್ತು.

"ಅಡುಗೆಮನೆಗೆ ಯಾವ ವಿಡಿಯೋದವ್ನು ಬರ್ತಾನಕ್ಕ? ಅಮ್ಮ ಅವತ್ತು ಅಲ್ಲಿಂದ ಆಚೆಗೇ ಬರ್ಲಿಲ್ಲ" ಎಂದು ನನ್ನಮ್ಮ ಹೇಳಿ ಕೈತೊಳೆದುಕೊಂಡಳು.

ಸಿಕ್ಕಿಬಿದ್ದವನು ನಾನು. ಇಂಟರ್ನೆಟ್ ನೋಡಿಕೊಂಡೇ ಕೆಲಸ ಕಲಿತವನಿಗೆ ಉತ್ಸಾಹ ಮೊದಲು ಬರುತ್ತದೆ, ಬುದ್ಧಿ ಆಮೇಲೆ. ಕುಂಬಾರಕೊಪ್ಪಲಿನಲ್ಲಿ ಹಿಂದೆ ಮದುವೆ ವಿಡಿಯೋ ತೆಗೆಯುತ್ತಿದ್ದ ಒಬ್ಬರಿಂದ ಹಳೆಯ ವಿಸಿಆರ್ ಬೇಡಿ ತಂದು ಲ್ಯಾಪ್‌ಟಾಪಿಗೆ ಜೋಡಿಸಿದೆ. ಅದರಿಂದ ಬರುವುದನ್ನು ಹಿಡಿದಿಡಲು ಒಂದು ಸಾಫ್ಟ್‌ವೇರ್, ಹಿಡಿದದ್ದನ್ನು ತಿದ್ದಲು ಇನ್ನೊಂದು. ಎರಡೂ ಪುಕ್ಕಟೆ.

ಪುಕ್ಕಟೆ ಎಂದದ್ದೇ ತಪ್ಪಾಯಿತು. ಯಾರು ಕೊಟ್ಟರು, ಯಾಕೆ ಕೊಟ್ಟರು, ನಾಳೆ ಬಂದು ವಾಪಸ್ ಕೇಳಿದರೆ ಏನು ಗತಿ ಎಂದು ವಿಚಾರಣೆ ಶುರು. ಎಲ್ಲೆಲ್ಲೋ ಇರುವವರು ಸೇರಿಕೊಂಡು ಬರೆದದ್ದು, ಹೇಗೆ ಬರೆದೆವು ಎಂಬುದನ್ನೂ ಮುಚ್ಚಿಡದೆ ಎಲ್ಲರ ಮುಂದೆ ಇಟ್ಟಿದ್ದಾರೆ, ಬೇಕಾದವರು ತಿದ್ದಿಕೊಳ್ಳಬಹುದು ಎಂದು ವಿವರಿಸಿದೆ.

"ಅಂದ್ರೆ ಬಿಸಿಬೇಳೆಬಾತೂ ಬಡ್ಸಿ, ಪುಡಿ ಅಳತೇನೂ ಹೇಳ್ಬುಟ್ಟಂಗೆ?"

"ಅಷ್ಟೇ ದೊಡ್ಡಮ್ಮ."

"ಒಂದು ಸಾಮಾನೂ ಬಚ್ಚಿಡ್ದೆ?"

"ಬಚ್ಚಿಡ್ದೆ."

ದೊಡ್ಡಮ್ಮ ಗಂಭೀರವಾದರು. ಅವರ ಬಿಸಿಬೇಳೆಬಾತ್ ಪುಡಿ ಆ ಬೀದಿಗೇ ಹೆಸರುವಾಸಿ. ಯಾರು ಕೇಳಿದರೂ ಧಾರಾಳವಾಗಿ ಅಳತೆ ಹೇಳುತ್ತಾರೆ, ಮರಾಠಿಮೊಗ್ಗು ಒಂದನ್ನು ಬಿಟ್ಟು! ಮಾರನೆಯ ಬೆಳಿಗ್ಗೆ ಪಕ್ಕದ ಮನೆಯವರನ್ನು ಕಾಂಪೌಂಡಿನ ಹತ್ತಿರ ಕರೆದು, ಅಷ್ಟು ವರ್ಷದ ಗುಟ್ಟನ್ನು ಒಪ್ಪಿಸಿಬಿಟ್ಟರು. ಪಕ್ಕದ ಮನೆಯವರು ತಣ್ಣಗೆ, "ಮೊದಲ್ನೇ ಸಲ ತಿಂದಾಗ್ಲೇ ಗೊತ್ತಾಯ್ತು ಕಣ್ರೀ. ಅದು ಸ್ವಲ್ಪ ಜಾಸ್ತಿ ಅನ್ನಿಸ್ತು, ಅದ್ಕೇ ನಾನು ಕಮ್ಮಿ ಮಾಡ್ಕೊಂಡೆ" ಎಂದರು. ತಿದ್ದಿಕೊಳ್ಳಬಹುದು ಎಂದರೆ ಇದೇ ಎಂದು ದೊಡ್ಡಮ್ಮನಿಗೆ ಹೇಳಿದೆ. ಆ ದಿನ ನನಗೆ ಕಾಫಿ ಸಿಗಲಿಲ್ಲ.

ಇನ್ನು ಕ್ಯಾಸೆಟ್ಟು ಇಳಿಸುವ ಸುಖ! ಮೂರು ಗಂಟೆಯ ಕ್ಯಾಸೆಟ್ಟು ಲ್ಯಾಪ್‌ಟಾಪಿಗೆ ಇಳಿಯಲು ಮೂರು ಗಂಟೆಯೇ ಬೇಕು, ಬೇಗ ಓಡಿಸುವ ಹಾಗಿಲ್ಲ. ಅಷ್ಟು ಹೊತ್ತೂ ದೊಡ್ಡಮ್ಮ ತೆರೆಗೆ ಮೂಗು ತಾಗಿಸಿಕೊಂಡು ಕೂತು, ಹಾದುಹೋದ ಪ್ರತಿ ಸೀರೆಯ ಚರಿತ್ರೆ ಹೇಳಿದರು. ಗಟ್ಟಿಮೇಳ ಶುರುವಾದಾಗ ಎದ್ದು ನಿಂತು ಅಕ್ಷತೆ ಹಾಕಿದರು. ಎಲ್ಲಿಗೆ? ನನ್ನ ಲ್ಯಾಪ್‌ಟಾಪಿಗೆ! ಎಂಟರ್ ಗುಂಡಿಯ ಕೆಳಗೆ ಒಂದು ಅಕ್ಕಿಕಾಳು ಇವತ್ತಿಗೂ ಮಂಗಳಕರವಾಗಿ ವಾಸವಾಗಿದೆ.

ಅಜ್ಜಿ ಮಾತ್ರ ಕಾಣಲಿಲ್ಲ. ಇನ್ನೊಮ್ಮೆ ನೋಡೋಣ ಎಂದು ಹಿಂದಕ್ಕೆ ಸುತ್ತಿದರೆ, ಹಳೆಯ ಟೇಪು ಪಟ್ಟೆಂದು ಹರಿಯಿತು. ಉಳಿದದ್ದು ಲ್ಯಾಪ್‌ಟಾಪಿಗೆ ಇಳಿದಷ್ಟೇ. ದೊಡ್ಡಮ್ಮ ಎದ್ದು ಹೋಗಿ ತುಳಸಿಗೆ ನೀರು ಹಾಕಿದರು. ಬೆಳಿಗ್ಗೆಯೇ ಹಾಕಿಯಾಗಿತ್ತು.

ಅವರನ್ನು ಸಮಾಧಾನ ಮಾಡಲು ನನಗೆ ತೋಚಿದ್ದು ಒಂದೇ. ಚಿತ್ರ ತಿಳಿಯಾಗಿಸಿದೆ, ಧ್ವನಿಯನ್ನೂ ಚೊಕ್ಕ ಮಾಡಿದೆ. ಹತ್ತಿರದ ಧ್ವನಿ ಉಳಿಸಿ ಹಿಂದಿನ ಗದ್ದಲವನ್ನೆಲ್ಲ ಅಳಿಸಿಹಾಕುವ ಸೌಕರ್ಯ ಆ ಪುಕ್ಕಟೆ ಸಾಫ್ಟ್‌ವೇರಿನಲ್ಲಿದೆ. ಪುರೋಹಿತರ ಮಂತ್ರ ಗಂಟೆ ಹೊಡೆದ ಹಾಗೆ ಕೇಳತೊಡಗಿತು. ಶಭಾಷ್ ಬರುತ್ತದೆಂದು ಕಾದೆ.

"ಗಲಾಟೆ ಎಲ್ಲಿಗೋಯ್ತೋ?"

ತೆಗೆದೆ ಎಂದೆ, ಹೆಮ್ಮೆಯಿಂದಲೇ.

"ಗಲಾಟೆ ಇಲ್ದೆ ಇದ್ಯಾವ ಸೀಮೆ ಮದ್ವೆ? ವಾಪಸ್ ಹಾಕು."

ಎರಡು ವಾರದ ಕೆಲಸ! ನನಗೂ ಸಾಕುಸಾಕಾಗಿತ್ತು. ಗಲಾಟೆ ತಾನೇ ಬೇಕು, ತಗೊಳ್ಳಿ ಎಂದು ಮೊದಲಿನ ಫೈಲು ತೆರೆದು, ಉಲ್ಟಾ ಮಾಡಿದೆ. ಮಂತ್ರವನ್ನು ಆದಷ್ಟು ತಗ್ಗಿಸಿ, ಹಿಂದಿನ ಗದ್ದಲವನ್ನೇ ಏರಿಸಿದೆ. ಪಾತ್ರೆಗಳು ದಡಬಡ ಎಂದವು. ನಲ್ಲಿ ಸುರಿಯಿತು. ಯಾರೋ ಒಗ್ಗರಣೆ ಹಾಕಿದರು. ಆಮೇಲೆ, ಎಲ್ಲಕ್ಕಿಂತ ಹಿಂದಿನಿಂದ, ಸ್ವಲ್ಪ ಒಡಕು ಗಂಟಲಿನ ಒಂದು ಹೆಂಗಸಿನ ಧ್ವನಿ.

"ಪುಟ್ಟೀ, ಎಲೆ ತೊಳ್ದಾಯ್ತೇನೇ? ಪಂಕ್ತಿ ಕೂರೋ ಹೊತ್ತಾಯ್ತು ಕಣೇ."

ದೊಡ್ಡಮ್ಮನನ್ನು ಪುಟ್ಟಿ ಎಂದು ಕರೆಯುವವರು ಈಗ ಯಾರೂ ಉಳಿದಿಲ್ಲ. ಅವರು ತೆರೆಯ ಕಡೆ ನೋಡಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿ ಹಿಡಿದುಕೊಂಡು ಎದ್ದು, ಅಡುಗೆಮನೆಯ ಕಡೆ ತಿರುಗಿದರು.

"ಆಯ್ತಮ್ಮ, ಬಂದೆ."